ಕೈ ಇಡಲು ಒಂದು ಜೇಬು

ಗಂಡಸರ ಪ್ಯಾಂಟಿಗೆ ಕೇಳದಿದ್ದರೂ ನಾಲ್ಕು ಜೇಬು. ಹೆಂಗಸರ ಉಡುಪಿಗೆ ಒಂದೇ ಒಂದು ಬೇಕೆಂದರೆ ‘ಶೇಪ್ ಹಾಳಾಗುತ್ತೆ ಮೇಡಂ’ ಎಂಬ ಉತ್ತರ ಸಿದ್ಧ. ಈ ಸಬೂಬಿಗೆ ಸೊಪ್ಪು ಹಾಕದವರು ನ್ಯೂಯಾರ್ಕಿನ ಉಡುಪು ವಿನ್ಯಾಸಗಾರ್ತಿ ಕ್ಲೇರ್ ಮೆಕಾರ್ಡೆಲ್. 1905ರಲ್ಲಿ ಮೇರಿಲ್ಯಾಂಡಿನ ಫ್ರೆಡರಿಕ್‌ನಲ್ಲಿ ಹುಟ್ಟಿದ ಈಕೆ ಪ್ಯಾರಿಸ್‌ನಲ್ಲಿ ಓದುವಾಗ ಅಲ್ಲಿನ ಹೆಸರಾಂತ ವಿನ್ಯಾಸಗಾರ್ತಿ ಮ್ಯಾಡಲೀನ್ ವಿಯೋನೆಯ ಉಡುಪು ಕೊಂಡು ತಂದು, ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಎಳೆಗೆ ಓರೆಯಾಗಿ ಕತ್ತರಿಸುವ ಕ್ರಾಸ್ ಕಟಿಂಗ್‌ನ ಗುಟ್ಟು ಕಲಿತವರು.

ಶೇಪ್ ಹಾಳಾಗುವುದು ಅರ್ಧ ನಿಜ. ಜೇಬನ್ನು ಮಗ್ಗುಲ ಹೊಲಿಗೆಯಲ್ಲಿ ಸೇರಿಸುವುದಾದರೆ ಬಾಯಿ ಆರೂವರೆ ಇಂಚು ಬೇಕು, ಸೊಂಟದಿಂದ ಮೂರು ಇಂಚು ಕೆಳಗೆ ಶುರುವಾಗಬೇಕು. ಒಳಚೀಲದ ಮೇಲಂಚನ್ನು ಸೊಂಟದ ಹೊಲಿಗೆಯವರೆಗೂ ಒಯ್ದು ಸೇರಿಸದಿದ್ದರೆ ಬೀಗದ ಕೈ ಹಾಕಿದ ಕಡೆ ಬಟ್ಟೆ ಜೋತುಬೀಳುತ್ತದೆ. ಕ್ರಾಸ್ ಬಟ್ಟೆಯಾದರೆ ಬಾಯಂಚಿಗೆ ನೇರ ಎಳೆಯ ಪಟ್ಟಿ ಇಟ್ಟು ಹೊಲಿಯಬೇಕು. ಇಲ್ಲವಾದರೆ ನಾಲ್ಕು ದಿನಕ್ಕೆ ಹಿಗ್ಗಿ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಇಷ್ಟು ಕೆಲಸಕ್ಕೆ ಬೇಸರಪಟ್ಟವರೇ ಶೇಪಿನ ಮಾತು ಎತ್ತುವುದು.

ಮೆಕಾರ್ಡೆಲ್ ಅವರ 1938ರ ‘ಮೊನಾಸ್ಟಿಕ್’ ಉಡುಪಿಗೆ ಮೈಗೊಪ್ಪಲು ಮಡಿಚಿ ಹೊಲಿಯುವ ಡಾರ್ಟೂ ಇಲ್ಲ, ಸೊಂಟದ ಹೊಲಿಗೆಯೂ ಇಲ್ಲ. ಬೆಲ್ಟ್ ಬಿಗಿದ ಮೇಲೇ ಆಕಾರ. ಊರೆಲ್ಲ ನಕಲು ಹೊಡೆದರು. ನಕಲಿನವರ ಜತೆ ಜಗಳವಾಡಿ ಸುಸ್ತಾದ, ಅವರು ಕೆಲಸ ಮಾಡುತ್ತಿದ್ದ ಟೌನ್ಲಿ ಫ್ರಾಕ್ಸ್ ಕಂಪನಿ ಬಾಗಿಲು ಹಾಕಿತು. 1940ರಲ್ಲಿ ಮತ್ತೆ ತೆರೆದಾಗ ಲೇಬಲ್ ಮೇಲೆ ಇವರ ಹೆಸರೂ ಇತ್ತು. ಬೆನ್ನ ಜಿಪ್ ಎಳೆಯಲು ಇನ್ನೊಬ್ಬರು ಬೇಕೆಂದು ತಮ್ಮ ಉಡುಪುಗಳಲ್ಲಿ ಅದನ್ನು ಮಗ್ಗುಲಿಗೆ ತಂದರು.

ಆದರೆ ನೋಡಬೇಕಾದ್ದು 1942ರ ‘ಪಾಪೋವರ್’. ಯುದ್ಧಕಾಲ, ಮನೆಗೆಲಸದವರೆಲ್ಲ ಕಾರ್ಖಾನೆಗೆ ಹೋಗಿದ್ದರು, ಒಡತಿಯರೇ ಒಲೆ ಮುಂದೆ ನಿಲ್ಲಬೇಕಿತ್ತು. ಅವರಿಗೆಂದು ಮೈಸುತ್ತ ಹೊದ್ದು ಕಟ್ಟುವ ಡೆನಿಮ್ ಉಡುಪು, ಮುಂದೆ ಅಗಲವಾದ ಹೊರಜೇಬು, ಜತೆಗೆ ಬಿಸಿ ಪಾತ್ರೆ ಇಳಿಸುವ ಕೈಗವಸು. ಬೆಲೆ 6 ಡಾಲರ್ 95 ಸೆಂಟ್. ಹೊರಜೇಬು ಮೊದಲು ಹರಿಯುವುದು ಮೇಲಿನ ಎರಡು ಮೂಲೆಯಲ್ಲಿ, ಕೈ ಹೋಗಿ ಬರುವ ಕಡೆ. ತೆಳುಬಟ್ಟೆಯಾದರೆ ಒಳಗೊಂದು ತುಂಡು ಇಟ್ಟು ಮೂಲೆಯಲ್ಲಿ ತ್ರಿಕೋನ ಹೊಲಿಗೆ ಹಾಕಬೇಕು. ಡೆನಿಮ್ಮಿಗೆ ಅದರ ದಪ್ಪವೇ ಅರ್ಧ ರಕ್ಷಣೆ. ಅಡುಗೆಮನೆಗೆ ಹುಟ್ಟಿದ ಆ ಉಡುಪು ಆಮೇಲೆ ಬೇರೆ ಬೇರೆ ಬಟ್ಟೆಯಲ್ಲಿ ಬೀಚಿಗೂ ಹೋಯಿತು, ಪಾರ್ಟಿಗೂ ಹೋಯಿತು, ಜೇಬಿನ ಸಮೇತ.