ಫ್ಲಾರೆನ್ಸ್‌ನ ಕಲ್ಕುಟಿಗರು, ಬೇಲೂರಿನ ಕಲ್ಕುಟಿಗರು

ಊರಿಂದ ಬಂದ ಅಪ್ಪ-ಅಮ್ಮನಿಗೆ ಯೂರೋಪ್ ತೋರಿಸುವಾಗ ನಾವು ಇಟಲಿಯ ಫ್ಲಾರೆನ್ಸ್‌ಗೆ ಕೊಡುವುದು ಅರ್ಧ ದಿನ. ದೊಡ್ಡ ಗುಮ್ಮಟದೆದುರು ಒಂದು ಫೋಟೊ, ಮಿಕೆಲಾಂಜೆಲೊ ಕೆತ್ತಿದ ಡೇವಿಡ್, ಐಸ್‌ಕ್ರೀಮು, ಸಂಜೆಗೆ ಪೀಸಾ. ವಯಸ್ಸಾದವರಿಗೆ ಇದೆಲ್ಲ ಏನು ಅರ್ಥವಾದೀತು ಅನ್ನುವ ಅಸಡ್ಡೆ ಇದರ ಹಿಂದಿದೆ. ಹಾಸನ ಸೀಮೆಯ ನನ್ನಮ್ಮನ ಜೊತೆ ಅಲ್ಲಿ ಅಲೆದ ಮೇಲೆ ಹೇಳುತ್ತೇನೆ, ಬೇಲೂರು-ಹಳೇಬೀಡು ನೋಡಿ ಪಳಗಿದ ಕಣ್ಣಿಗೆ ಗೈಡು ಬೇಕಿಲ್ಲ.

ಸಾನ್ ಲೊರೆಂಜೊ ಚರ್ಚಿನ ಮುಂದೆ ನಿಂತು ಅಮ್ಮ ಕೇಳಿದ್ದು, "ಏನೋ ಇದು, ಗಿಲಾವು ಮಾಡದೇ ಬಿಟ್ಟಿದಾರೆ?" ನಿಜವೇ. ಊರನ್ನಾಳಿದ ಮೆಡಿಚಿ ಮನೆತನದ ಚರ್ಚು ಅದು. ಮುಂಭಾಗಕ್ಕೆ ಮಿಕೆಲಾಂಜೆಲೊ ನಕ್ಷೆ ಬರೆದ, ಮರದ ಮಾದರಿಯೂ ಆಯಿತು, 1520ರಲ್ಲಿ ಒಪ್ಪಂದ ರದ್ದಾಯಿತು. ಐನೂರು ವರ್ಷವಾದರೂ ಒರಟು ಗೋಡೆ ಹಾಗೇ ಇದೆ. ಹೊಯ್ಸಳರಾದರೆ ಹೊರಗೋಡೆಗೇ ಜೀವ ತುಂಬಿದವರು. ಗುಡಿಯ ಜಗತಿಕಟ್ಟೆಯ ಮೇಲೆ ಪ್ರದಕ್ಷಿಣೆ ಬರುತ್ತ, ಆನೆಸಾಲು, ಕುದುರೆಸಾಲನ್ನು ಪಕ್ಕದಲ್ಲೇ ನೋಡಿಕೊಂಡು ಹೋಗಬಹುದು. ಇಲ್ಲಿ ಒಳಗೆ ಹೋಗಿ ಕತ್ತೆತ್ತಬೇಕು. ಅಮ್ಮನ ಕತ್ತು ಮಧ್ಯಾಹ್ನದೊಳಗೇ ಹಿಡಿದುಕೊಂಡಿತ್ತು. ಬ್ರುನೆಲೆಸ್ಕಿ ಕಟ್ಟಿದ ಆ ದೊಡ್ಡ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟಿಲ್ಲ, ಕೆಳಗಿಂದಲೇ ಕೈಮುಗಿದೆವು.

ಬತ್ತಲೆ ಡೇವಿಡ್ ಬಗ್ಗೆ ಮುಜುಗರವಿರಲಿಲ್ಲ. 57 ಅಡಿಯ ಗೊಮ್ಮಟನನ್ನು ನೋಡಿದವರಿಗೆ 17 ಅಡಿಯ ಹುಡುಗ ಯಾವ ಲೆಕ್ಕ? "ಬಲಗೈ ಮಾತ್ರ ದೊಡ್ಡದಾಯ್ತು" ಅಂದರು. ಕಲಾವಿಮರ್ಶಕರೂ ಅದನ್ನೇ ಬರೆದಿದ್ದಾರೆ.

ಅಮ್ಮ ಹೆಚ್ಚು ಹೊತ್ತು ನಿಂತದ್ದು ಓರ್ಸಾನ್‌ಮಿಕೆಲೆಯ ಬೀದಿಯಲ್ಲಿ. ಹಿಂದೆ ಧಾನ್ಯದ ಮಾರುಕಟ್ಟೆಯಾಗಿದ್ದು ಆಮೇಲೆ ಚರ್ಚಾದ ಕಟ್ಟಡ. ಹೊರಗಿನ ಒಂದೊಂದು ಗೂಡೂ ಒಂದೊಂದು ಕಸುಬಿನ ಸಂಘದ್ದು. ಉಣ್ಣೆಯವರು, ರೇಷ್ಮೆಯವರು, ಲೇವಾದೇವಿಯವರು ತಂತಮ್ಮ ಸಂತನ ಮೂರ್ತಿ ಮಾಡಿಸಿ ನಿಲ್ಲಿಸಿದರು. ಕಲ್ಕುಟಿಗರ ಗೂಡಿನಲ್ಲಿ ನಾನ್ನಿ ದಿ ಬಾಂಕೊ ಕೆತ್ತಿದ ನಾಲ್ವರು ಸಂತರಿದ್ದಾರೆ. ಅವರ ಪಾದದಡಿಯ ಪಟ್ಟಿಯಲ್ಲಿ ಒಬ್ಬ ಗೋಡೆ ಕಟ್ಟುತ್ತಿದ್ದಾನೆ, ಒಬ್ಬ ಕಂಬಕ್ಕೆ ರಂಧ್ರ ಕೊರೆಯುತ್ತಿದ್ದಾನೆ, ಮತ್ತೊಬ್ಬ ಕೈವಾರ ಹಿಡಿದಿದ್ದಾನೆ, ಇನ್ನೊಬ್ಬ ಮಗುವಿನ ಮೂರ್ತಿ ಕಡೆಯುತ್ತಿದ್ದಾನೆ. ಕೆಲಸಗಾರರೇ ತಮ್ಮ ಕೆಲಸವನ್ನು ಕೆತ್ತಿಸಿಕೊಂಡದ್ದು ಅಮ್ಮನಿಗೆ ಬಹಳ ಹಿಡಿಸಿತು. ಆದರೆ ಹೊರಗಿರುವುದೆಲ್ಲ ನಕಲು, ಹೆಚ್ಚಿನ ಅಸಲು ಮೂರ್ತಿಗಳು ಮೇಲಿನ ಮ್ಯೂಸಿಯಮ್ಮಿನಲ್ಲಿವೆ ಅಂದಾಗ ಮುಖ ಸಣ್ಣಗಾಯಿತು. "ನಮ್ಮ ಚೆನ್ನಕೇಶವ ಗರ್ಭಗುಡಿಯಲ್ಲೇ ಇದಾನಪ್ಪ, ಇವತ್ತಿಗೂ ಪೂಜೆ ನಡೀತಿದೆ." ಅದು ಒಪ್ಪುವ ಮಾತು. ಆದರೂ ಮಳೆ, ಹೊಗೆ ತಿಂದು ಸವೆಯುವುದಕ್ಕಿಂತ ನಕಲಿಟ್ಟು ಅಸಲನ್ನು ಉಳಿಸುವುದೇ ಮೇಲು ಅನ್ನುವವನು ನಾನು; ಅಲ್ಲಿ ನಮಗೆ ರಾಜಿಯಾಗಲಿಲ್ಲ.

ನನಗೆ ಹೊಟ್ಟೆಕಿಚ್ಚಾದದ್ದು ಬೇರೆಯದಕ್ಕೆ. ಈ ಊರು ಕಟ್ಟಿಸಿದವರಷ್ಟೇ ಸಲೀಸಾಗಿ ಕಟ್ಟಿದವರ ಹೆಸರನ್ನೂ ಹೇಳುತ್ತದೆ. ಇಲ್ಲಿನ ಶಿಲ್ಪಿ ಗಿಬೆರ್ಟಿ ತಾನು ಮಾಡಿದ ಕಂಚಿನ ಬಾಗಿಲಲ್ಲಿ ತನ್ನ ಬೋಳುತಲೆಯನ್ನೇ ಎರಕ ಹೊಯ್ದು ಕೂರಿಸಿದ್ದಾನೆ. ನಮ್ಮವರೂ ಕಡಿಮೆಯೇನಲ್ಲ. ಅವನಿಗಿಂತ ಮುನ್ನೂರು ವರ್ಷ ಮೊದಲೇ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಕೊರೆದರು. ಸೋಮನಾಥಪುರದಲ್ಲಿ ಮಲ್ಲಿತಮ್ಮ ಹಲವು ವಿಗ್ರಹಗಳಿಗೆ ಸಹಿ ಹಾಕಿದ್ದಾನೆ. ನಾವೋ, ಅವರೆಲ್ಲರ ದುಡಿಮೆಯನ್ನು ಐತಿಹ್ಯದ ಜಕಣಾಚಾರಿಯ ಖಾತೆಗೆ ಜಮಾ ಮಾಡಿ ಕೂತಿದ್ದೇವೆ. ಬೇಲೂರಿಗೆ ಹೋದಾಗಲೆಲ್ಲ ದರ್ಪಣಸುಂದರಿಯ ಮುಂದೆ ಶಾಂತಲೆಯ ಕಥೆ ಕೇಳಿದ್ದೇನೆ. ಮದನಿಕೆಯರ ಕೆಳಗಿನ ಆ ಹಳಗನ್ನಡದ ಸಾಲುಗಳನ್ನು ಓದಿ ಹೇಳಿದ ಗೈಡು ಇನ್ನೂ ಸಿಕ್ಕಿಲ್ಲ.