118ನೇ ಕೀರ್ತನೆ ನಡುವಿನಲ್ಲಿಲ್ಲ

ಬೆಂಗಳೂರಿನ ನೆಂಟರ ವಾಟ್ಸಾಪ್ ಗುಂಪಿಗೆ ಆ ಸಂದೇಶ ಮತ್ತೆ ಬಂದಿದೆ. ಬೈಬಲಿನ ಅತಿ ಚಿಕ್ಕ ಅಧ್ಯಾಯ 117ನೇ ಕೀರ್ತನೆ, ಅತಿ ದೊಡ್ಡದು 119, ಎರಡರ ಮಧ್ಯೆ 118. ಅದರ ಹಿಂದೆ 594 ಅಧ್ಯಾಯ, ಮುಂದೆ 594. ಕೂಡಿದರೆ 1188. ಆದ್ದರಿಂದ 118:8 ಇಡೀ ಬೈಬಲಿನ ನಟ್ಟನಡುವಿನ ವಚನ, ಮನುಷ್ಯರನ್ನು ನಂಬುವುದಕ್ಕಿಂತ ದೇವರನ್ನು ಆಶ್ರಯಿಸುವುದು ಮೇಲು ಎಂಬ ಮಾತನ್ನು ದೇವರೇ ಅಲ್ಲಿಟ್ಟಿದ್ದಾನೆ, ಆಮೆನ್. ಕೆಳಗೆ ಮುಗಿದ ಕೈಗಳ ಸಾಲು. "ಎಣಿಸಿ ನೋಡಿದ್ರಾ ಅಂಕಲ್?" ಎಂದದ್ದಕ್ಕೆ ಬಂದ ಉತ್ತರ: "ಅಮೆರಿಕಾಗೆ ಹೋದ್ಮೇಲೆ ನಿನಗೆ ವಿಶ್ವಾಸ ಕಮ್ಮಿ ಆಗಿದೆ ಕಣಪ್ಪ."

ಇರಲಿ. ಎಣಿಸುವುದಕ್ಕೆ ಹತ್ತು ನಿಮಿಷ ಸಾಕು. ಆದಿಕಾಂಡದಿಂದ ಯೋಬನವರೆಗೆ, ಅಂದರೆ ಕೀರ್ತನೆಗಳ ಪುಸ್ತಕ ಶುರುವಾಗುವ ಮೊದಲು, 478 ಅಧ್ಯಾಯ. ಹಾಗಾದರೆ 117ನೇ ಕೀರ್ತನೆ 595ನೆಯದು. ಒಟ್ಟು 1189ರಲ್ಲಿ ನಡುವಿನದು ಅದೇ, 118 ಅಲ್ಲ. 118ರ ಹಿಂದೆ 595, ಮುಂದೆ 593. ಇದೂ ಪ್ರಾಟೆಸ್ಟಂಟರ 66 ಪುಸ್ತಕಗಳ ಲೆಕ್ಕ ಮಾತ್ರ. ಶಿವಾಜಿನಗರದ ಬಸಿಲಿಕಕ್ಕೆ ಹೋಗುವ ಕ್ಯಾಥೊಲಿಕರ ಬೈಬಲಿನಲ್ಲಿ 73 ಪುಸ್ತಕ. ಅಲ್ಲಿ ನಡುವೇ ಬೇರೆ. ಹಳೆಯ ಲ್ಯಾಟಿನ್ ಬೈಬಲಿನಲ್ಲಿ 9 ಮತ್ತು 10ನೇ ಕೀರ್ತನೆ ಸೇರಿ ಒಂದೇ ಆದ್ದರಿಂದ ನಮ್ಮ 118 ಅಲ್ಲಿ 117.

ಲೆಕ್ಕ ಸರಿಯಾಗಿದ್ದರೂ ಅದರಿಂದ ಏನೂ ಸಿಗುತ್ತಿರಲಿಲ್ಲ ಎಂಬುದು ನನ್ನ ತಕರಾರು. ಕೀರ್ತನೆಗಳು ಮೊದಲಿನಿಂದಲೂ ಬಿಡಿ ಹಾಡುಗಳು, ನಿಜ. ಉಳಿದ ಪುಸ್ತಕಗಳ ಈಗಿನ ಅಧ್ಯಾಯಗಳನ್ನು ಮಾಡಿದವನು 13ನೇ ಶತಮಾನದ ಆರಂಭದ ಇಂಗ್ಲೆಂಡಿನ ಧರ್ಮಗುರು ಸ್ಟೀಫನ್ ಲ್ಯಾಂಗ್ಟನ್. ಹೊಸ ಒಡಂಬಡಿಕೆಯ ಈಗಿನ ವಚನಸಂಖ್ಯೆಗಳು 1551ರಲ್ಲಿ ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ ಹಾಕಿದ್ದು. ಪೌಲನಿಗೂ ಮಾರ್ಕನಿಗೂ ಗೊತ್ತೇ ಇಲ್ಲದ ಚುಕ್ಕಿಗಳನ್ನು ಜೋಡಿಸಿ ರಂಗೋಲಿ ಎಳೆದು, ನೋಡಿ ಎಷ್ಟು ಚೆನ್ನಾಗಿದೆ ಅಂದರೆ ಏನು ಹೇಳುವುದು?

ಊರಿನಲ್ಲಿ ವಾಕ್ಯ ಒಂದೊಂದಾಗಿಯೇ ಕೈಗೆ ಬರುತ್ತದೆ. ಡಿಸೆಂಬರ್ 31ರ ರಾತ್ರಿ ವಾಚ್‌ನೈಟ್ ಆರಾಧನೆ ಮುಗಿಸಿ ತೆಗೆದ, ಒಂದು ವಚನ ಅಚ್ಚಾದ ವಾಗ್ದಾನದ ಕಾರ್ಡು ವರ್ಷವಿಡೀ ಫ್ರಿಜ್ ಬಾಗಿಲ ಮೇಲೆ. ಎಷ್ಟು ಮನೆಗಳಲ್ಲಿ ಅಲ್ಲಿ ಯೆರೆಮೀಯ 29:11 ಇದೆಯೋ! ಹಿತದ ಯೋಚನೆ, ನಿರೀಕ್ಷೆ, ಒಳ್ಳೆಯ ಗತಿ. ಅದರ ಹಿಂದಿನ ವಚನ ಕಾರ್ಡಿನಲ್ಲಿ ಇರುವುದಿಲ್ಲ. ಅಲ್ಲಿರುವುದು 70 ವರ್ಷ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದವರಿಗೆ ಯೆರೆಮೀಯ ಬರೆದ ಕಾಗದ ಅದು. ಓದಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರು ನೋಡದೆ ಅಲ್ಲೇ ಸಾಯುವವರು. ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ ಎಂದು 5, 6ನೇ ವಚನ. ಬೇಗ ವಾಪಸು ಬರುತ್ತೀರಿ ಎಂದು ಕನಸು ಹೇಳುವವರ ಮಾತು ಕೇಳಬೇಡಿ ಎಂದು 8, 9. (ಹೊರನಾಡಿನಲ್ಲಿ ಇರುವವನಿಗೆ ಈ ಕಾಗದ ಕಾರ್ಡಿಗಿಂತ ಸ್ವಲ್ಪ ಖಾರವಾಗಿಯೇ ಕೇಳುತ್ತದೆ.) 11ನೇ ವಚನದ ಸಮಾಧಾನ ಆ ತಡದ ಒಳಗೆ ಇದೆ. ತಡವನ್ನು ಕತ್ತರಿಸಿ ಸಮಾಧಾನವನ್ನಷ್ಟೇ ಅಂಟಿಸಿಕೊಂಡರೆ ಮಾರ್ಚಿನ ಹೊತ್ತಿಗೆ ಕೆಲಸ ಸಿಗದವನು ದೇವರ ಮೇಲೆ ಮುನಿಸಿಕೊಳ್ಳುತ್ತಾನೆ.

ಇಲ್ಲಿ, ಷಿಕಾಗೋ ಆಸುಪಾಸಿನ ಬೈಬಲ್ ಸ್ಟಡಿಗಳಲ್ಲಿ ಚಾಲ್ತಿಯಲ್ಲಿರುವ ಒಂದು ಕ್ರಮ ನನಗೆ ಹಿಡಿಸಿದೆ. ಓದುವ ಭಾಗವನ್ನು ಅಧ್ಯಾಯಸಂಖ್ಯೆ, ವಚನಸಂಖ್ಯೆ, ದಪ್ಪಕ್ಷರದ ತಲೆಬರಹ ಎಲ್ಲ ತೆಗೆದು, ಸಾಲುಗಳ ಮಧ್ಯೆ ಜಾಗ ಬಿಟ್ಟು, ಅಂಚು ಅಗಲವಾಗಿಟ್ಟು ಪ್ರಿಂಟ್ ತೆಗೆಯುತ್ತಾರೆ. ತಲೆಗೆ ಒಂದು ಹಾಳೆ, ನಾಲ್ಕು ಬಣ್ಣದ ಪೆನ್ಸಿಲು. ಮೊದಲ ಇಪ್ಪತ್ತು ನಿಮಿಷ ಯಾರೂ ಮಾತಾಡುವಂತಿಲ್ಲ. ಮರುಕಳಿಸಿದ ಮಾತಿಗೆ ಒಂದು ಬಣ್ಣ, ಜನರಿಗೆ ಒಂದು, ಜಾಗ ಮತ್ತು ಹೊತ್ತಿಗೆ ಒಂದು, ಎದುರುಬದುರಾಗಿ ನಿಲ್ಲುವ ಸಂಗತಿಗೆ ಒಂದು. ಆಮೇಲೆ ಪ್ರಶ್ನೆ. ಅರ್ಥ ಕೊನೆಗೆ. ಮನೆಗಳಲ್ಲಿ ಸೇರಿ ಮಾಡುವ ನಮ್ಮ ಕಾಟೇಜ್ ಪ್ರೇಯರಿನಲ್ಲಿ ಅರ್ಥವೇ ಮೊದಲು ಬಂದು ಕೂತಿರುತ್ತದೆ.

ಮಾರ್ಕ 5:21ರಿಂದ 43ರವರೆಗೆ ಹೀಗೆ ಓದಿ ನೋಡಿ. ಯಾಯೀರ ಸಭಾಮಂದಿರದ ಅಧಿಕಾರಿ, ಸಾಯುತ್ತಿರುವ ಮಗಳನ್ನು ಉಳಿಸು ಎಂದು ಯೇಸುವಿನ ಬಳಿಗೆ ಬಂದವನು. ಅವನಿಗೆ ಹೆಸರಿದೆ; ಎದುರಿನಿಂದ ಬರುತ್ತಾನೆ, ಎಲ್ಲರ ಮುಂದೆ ಕಾಲಿಗೆ ಬೀಳುತ್ತಾನೆ. ರಕ್ತಕುಸುಮ ರೋಗದ ಹೆಂಗಸಿಗೆ ಹೆಸರಿಲ್ಲ. ಯೇಸು ಯಾಯೀರನ ಮನೆಗೆ ಹೋಗುವ ದಾರಿಯಲ್ಲಿ ಹಿಂದಿನಿಂದ ಬಂದು ಗುಟ್ಟಾಗಿ ಬಟ್ಟೆ ಮುಟ್ಟುತ್ತಾಳೆ. ಕೊನೆಯಲ್ಲಿ ಇದು ತಿರುಗುಮುರುಗು: ಅವಳೂ ಕಾಲಿಗೆ ಬಿದ್ದು ಗುಂಪಿನ ನಡುವೆ ಎಲ್ಲ ಹೇಳಬೇಕಾಗುತ್ತದೆ, ಯಾಯೀರನ ಸತ್ತ ಮಗಳನ್ನು ಕೈಹಿಡಿದು ಎಬ್ಬಿಸುವುದು ಒಳಮನೆಯಲ್ಲಿ, ಯಾರಿಗೂ ಹೇಳಬೇಡಿ ಎಂಬ ಕಟ್ಟಪ್ಪಣೆಯೊಂದಿಗೆ ನಡೆಯುತ್ತದೆ. ಅವಳ ಕಾಯಿಲೆಗೆ 12 ವರ್ಷ, ಹುಡುಗಿಗೆ 12 ವರ್ಷ. ಆ ಮಗು ಬೆಳೆದಷ್ಟು ಕಾಲ ಈಕೆ ಸವೆದಿದ್ದಾಳೆ. ಯೇಸು ಈಕೆಯನ್ನು "ಮಗಳೇ" ಎಂದು ಕರೆದ ಬಾಯಿ ಮುಚ್ಚುವ ಮೊದಲೇ ಯಾಯೀರನ ಮಗಳು ತೀರಿಹೋದ ಸುದ್ದಿ ಬರುತ್ತದೆ. ಯಾಜಕಕಾಂಡ 15ರ ಪ್ರಕಾರ ಈಕೆಯ ಹಾಸಿಗೆ ಮುಟ್ಟಿದವನೂ ಮೈಲಿಗೆ; ಅರಣ್ಯಕಾಂಡ 19ರ ಪ್ರಕಾರ ಹೆಣ ಮುಟ್ಟಿದವನಿಗೆ ಏಳು ದಿನ ಮೈಲಿಗೆ. ಎರಡೂ ಮುಟ್ಟುವಿಕೆಯಲ್ಲಿ ಮೈಲಿಗೆ ಯೇಸುವಿನ ಕಡೆಗೆ ಹರಿಯಲಿಲ್ಲ, ಶುದ್ಧಿಯೇ ಅವನಿಂದ ಅವರ ಕಡೆಗೆ ಹರಿಯಿತು.

ಇದನ್ನು ನಾವೇ ಕಟ್ಟಿಕೊಂಡೆವೋ, ಮಾರ್ಕನೇ ಇಟ್ಟನೋ? ಪಕ್ಕದ ಸುವಾರ್ತೆ ತೆರೆದರೆ ತಿಳಿಯುತ್ತದೆ. ಮತ್ತಾಯ 9ರಲ್ಲಿ ಅದೇ ಘಟನೆ 23 ವಚನದಿಂದ 9ಕ್ಕೆ ಇಳಿದಿದೆ. ಹುಡುಗಿ ಮೊದಲೇ ಸತ್ತಿದ್ದಾಳೆ, ಅವಳ ವಯಸ್ಸೇ ಇಲ್ಲ. ತಡವೂ ಇಲ್ಲ, ಜೋಡಿ 12ಕ್ಕೂ ಅಲ್ಲಿ ಜಾಗವಿಲ್ಲ. ಹಾಗೆಂದು ಮತ್ತಾಯನಿಗೆ ಲೆಕ್ಕ ಬೇಡವಾಗಿತ್ತು ಎಂದಲ್ಲ. ತಾನು ಕೊಟ್ಟ ಯೇಸುವಿನ ವಂಶಾವಳಿ 14, 14, 14 ತಲೆಮಾರು ಎಂದು 1:17ರಲ್ಲಿ ಅವನೇ ಬರೆದುಕೊಂಡಿದ್ದಾನೆ. ಅದಕ್ಕಾಗಿ ಯೋರಾಮನಿಗೂ ಉಜ್ಜೀಯನಿಗೂ ನಡುವೆ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರನ್ನು ಬಿಟ್ಟಿದ್ದಾನೆ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳೂ ಹೌದು; ದಾವೀದ ಎಂದರೆ 4, 6, 4, ಒಟ್ಟು 14. ಇಂಥ ಸಂಖ್ಯೆಯ ಮೇಲೆ ತಲೆಕೆಡಿಸಿಕೊಳ್ಳಬೇಕು. ಪ್ರಕಟನೆ ಪುಸ್ತಕದ 666 ಕೂಡ ಇದೇ ಜಾತಿಯದು: ರೋಮಿನ ಚಕ್ರವರ್ತಿ ನೆರೋ ಕೈಸರನ ಹೆಸರನ್ನು ಹೀಬ್ರೂ ಅಕ್ಷರದಲ್ಲಿ ಬರೆದರೆ 666, ಕೊನೆಯ ನಕಾರ ಬಿಟ್ಟರೆ 616, ಕೆಲವು ಹಳೆಯ ಪ್ರತಿಗಳಲ್ಲಿ ಇರುವುದೂ 616. ಕನ್ವೆನ್ಷನ್ ಎಂಬ ಸುವಾರ್ತಾ ಕೂಟಗಳ ಮೈಕಿನಲ್ಲಿ ಮಾತ್ರ ಅದು ಒಮ್ಮೆ ಬಾರ್‌ಕೋಡು, ಇನ್ನೊಮ್ಮೆ ಲಸಿಕೆ.

ಇಲ್ಲಿನವರಿಗೂ ಒಂದು ಚಟವಿದೆ, ಹೇಳದಿದ್ದರೆ ಪಕ್ಷಪಾತ. ಕಂಡಕಂಡಲ್ಲಿ ಇವರಿಗೆ ಕನ್ನಡಿಬಿಂಬದ ರಚನೆ ಬೇಕು. ಆದಿಕಾಂಡದ ಜಲಪ್ರಳಯದ ಕಥೆಯನ್ನು 7, 7, 40, 150 ದಿನ ಏರಿ, 150, 40, 7, 7 ಇಳಿದು, ನಡುವೆ 8:1ರಲ್ಲಿ "ದೇವರು ನೋಹನನ್ನು ನೆನಪಿಸಿಕೊಂಡನು" ಎಂದು ನಿಲ್ಲಿಸುತ್ತಾರೆ. ನಡುವಿನ ಆ ವಚನ ನಿಜಕ್ಕೂ ತಿರುವು, ಒಪ್ಪಿದೆ. ಆದರೆ 7:4ರ ಏಳು ದಿನವೂ 7:10ರ ಏಳು ದಿನವೂ ಒಂದೇ ವಾರ. 40 ಎಂಬುದು 7:17ರಲ್ಲಲ್ಲದೆ 7:4ರಲ್ಲೂ 7:12ರಲ್ಲೂ ಬರುತ್ತದೆ. ಅವೆರಡನ್ನು ಕಾಣದಂತೆ ಇದ್ದರೆ ಮಾತ್ರ ಸಾಲು ಸಮ. ಏನೇನು ಬಿಟ್ಟೆ ಎಂದು ಅಂಚಿನಲ್ಲಿ ಬರೆದುಕೊಳ್ಳದ ಓದುಗ, ಬಣ್ಣದ ಪೆನ್ಸಿಲು ಹಿಡಿದಿದ್ದರೂ, ವಾಟ್ಸಾಪ್ ಅಂಕಲ್‌ನ ದಾಯಾದಿಯೇ.

ಕಾರ್ಡಿನ ವಿಷಯದಲ್ಲೂ ಊರನ್ನೊಂದೇ ಬೈಯುವಂತಿಲ್ಲ. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ ಪಂಥದ ಕ್ರೈಸ್ತರು ದಿನಕ್ಕೊಂದು ವಾಕ್ಯ ಚೀಟಿ ಎತ್ತಿ ಆರಿಸಿದ ಪುಸ್ತಕವನ್ನು 1731ರಿಂದ ಅಚ್ಚು ಹಾಕುತ್ತಿದ್ದಾರೆ.

ಇನ್ನೊಂದನ್ನು ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೂ ಒಪ್ಪಬೇಕು. ಮಾರ್ಕ 6ರಲ್ಲಿ ಐದು ಸಾವಿರ ಮಂದಿಗೆ ಊಟ. ಅಲ್ಲಿ ಆ ಜನರಿಗೆ ಹೇಳಿದ ಕುರುಬನಿಲ್ಲದ ಕುರಿಗಳು ಎಂಬುದು ಅರಣ್ಯಕಾಂಡ 27ರ ಮಾತು. ಅಲ್ಲಿಂದ ಮುಂದೆ ಯೆಹೋಶುವನ ನೇಮಕ, ಅಂದರೆ ಹೀಬ್ರೂವಿನಲ್ಲಿ ಯೇಸುವಿನದೇ ಹೆಸರಿನವನದು. ಜನ ನೂರು, ಐವತ್ತರ ಸಾಲಾಗಿ ಕೂರುವುದು ವಿಮೋಚನಕಾಂಡ 18ರಲ್ಲಿ ಮೋಶೆ ಜನರನ್ನು ವಿಂಗಡಿಸಿದ ಹಾಗೆ. ಕೂರಿಸಿದ್ದು ಹಸುರು ಹುಲ್ಲಿನ ಮೇಲೆ. ಅದು ಹಸುರುಗಾವಲಿನ ಕುರುಬನ 23ನೇ ಕೀರ್ತನೆ. ಇಲ್ಲಿನ ಹಾಳೆಯ ಮೇಲೆ "ಹಸುರು" ಎಂಬುದಕ್ಕೆ ಬಣ್ಣ ಬೀಳುತ್ತದೆ, ಯಾಕೆ ಎಂದು ಯಾರಿಗೂ ಹೊಳೆಯುವುದಿಲ್ಲ, ಫೋನಿನಲ್ಲಿ ಹುಡುಕುತ್ತಾರೆ. ಸಂಡೇ ಸ್ಕೂಲಿನಲ್ಲಿ ಕೀರ್ತನೆ ಕಂಠಪಾಠ ಒಪ್ಪಿಸಿ ಬೆಳೆದ ನಮ್ಮ ಅಜ್ಜಿಯಂದಿರ ಮುಂದೆ ಆ ಸಾಲು ಗಟ್ಟಿಯಾಗಿ ಓದಿದರೆ ಸಾಕು, ಉಳಿದದ್ದನ್ನು ಅವರೇ ಹೇಳಿ ಮುಗಿಸುತ್ತಾರೆ. ಒಂದು ಪುಸ್ತಕದ ಮಾತು ಇನ್ನೊಂದರಲ್ಲಿ ಮಾರ್ದನಿಸುವುದನ್ನು ಹಿಡಿಯಲು ಇಡೀ ಬೈಬಲ್ ಬಾಯಲ್ಲಿರಬೇಕು, ಪೆನ್ಸಿಲಿಗೆ ಆ ಕಿವಿ ಇಲ್ಲ.

ಅಂಥ ಅಜ್ಜಿಯರಿರುವ ಕಾಟೇಜ್ ಪ್ರೇಯರ್‌ಗೆ ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಯ ಕನ್ನಡ ಪಾಠವನ್ನೇ ಸಂಖ್ಯೆ ಬಿಟ್ಟು ಟೈಪ್ ಮಾಡಿ, ದೊಡ್ಡ ಅಕ್ಷರದಲ್ಲಿ, ಒಂದು ಹಾಳೆಗೆ ಮೀರದಂತೆ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಆರೇಳು ಜನ ಸಾಕು, ಹತ್ತು ದಾಟಿದರೆ ಪಾಸ್ಟರ್ ಒಬ್ಬರೇ ಮಾತಾಡುತ್ತಾರೆ. ಮೊದಲಿಗೆ ಮಾರ್ಕ 11:12ರಿಂದ 25: ಅಂಜೂರದ ಮರ, ದೇವಾಲಯ, ಮತ್ತೆ ಅಂಜೂರದ ಮರ. ಹಣ್ಣಿನ ಕಾಲವಲ್ಲದಾಗ ಮರವನ್ನು ಶಪಿಸಿದ್ದೇಕೆ ಎಂಬ ಪ್ರಶ್ನೆಗೆ ನಡುವಿನ ದೇವಾಲಯವನ್ನು ಬಿಟ್ಟು ಉತ್ತರ ಹುಡುಕಿದವರು ಸಿಕ್ಕಿಹಾಕಿಕೊಳ್ಳುತ್ತಾರೆ.