ಮಾರ್ಲನ್ ಬ್ರ್ಯಾಂಡೊ ಬಂಡಾಯ ಹೂಡಿದ್ದು ಎಲ್ಲಿ?

ಹಾಲಿವುಡ್ ನಟ ಮಾರ್ಲನ್ ಬ್ರ್ಯಾಂಡೊನ ಮಾತು ಬಂದಾಗಲೆಲ್ಲ ಸಿನಿಮಾಸಕ್ತ ಗೆಳೆಯರು ಮೊದಲು ಎತ್ತುವುದು ಆತ ಆಸ್ಕರ್ ತಿರಸ್ಕರಿಸಿದ ಪ್ರಸಂಗವನ್ನು. ಅದು ಸಣ್ಣ ಸಂಗತಿಯಲ್ಲ, ನಿಜ. ಆದರೆ ಆತನ ಬಂಡಾಯದ ತಿರುಳು ಕಾಣಬೇಕೆಂದರೆ 1954ರ ‘ಆನ್ ದ ವಾಟರ್‌ಫ್ರಂಟ್’ ಚಿತ್ರದ ಒಂದು ಪುಟ್ಟ ದೃಶ್ಯವನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಬಂದರಿನ ಕೂಲಿಯಾಳು ಟೆರಿ (ಬ್ರ್ಯಾಂಡೊ), ತಾನೂ ಪರೋಕ್ಷವಾಗಿ ಕಾರಣನಾದ ಕೊಲೆಯಲ್ಲಿ ಸಹೋದರನನ್ನು ಕಳೆದುಕೊಂಡ ಹುಡುಗಿಯ ಜೊತೆ ಉದ್ಯಾನದಲ್ಲಿ ನಡೆಯುತ್ತಿರುತ್ತಾನೆ. ತಾಲೀಮಿನ ವೇಳೆ ನಟಿ ಇವಾ ಮರಿ ಸೇಂಟ್‌ಳ ಕೈಗವಸು ಅಕಸ್ಮಾತ್ತಾಗಿ ಕೆಳಗೆ ಬಿತ್ತು. ಬ್ರ್ಯಾಂಡೊ ಅದನ್ನೆತ್ತಿ ಹಿಂದಿರುಗಿಸಲಿಲ್ಲ. ಮಾತಾಡುತ್ತಲೇ ಉಯ್ಯಾಲೆಯ ಮೇಲೆ ಕುಳಿತು ತನ್ನ ದಪ್ಪ ಕೈಗೆ ತೊಟ್ಟುಕೊಂಡ. ನಿರ್ದೇಶಕ ಎಲಿಯಾ ಕಜಾನ್ ಅದನ್ನು ಚಿತ್ರದಲ್ಲಿ ಉಳಿಸಿಕೊಂಡ. ಗವಸು ಅವನ ಕೈಯಲ್ಲಿರುವ ತನಕ ಆಕೆ ಹೊರಟುಹೋಗುವಂತಿಲ್ಲ, ಅವನಿಗೂ ಆಕೆ ಹೋಗುವುದು ಬೇಕಿಲ್ಲ. ಇದನ್ನು ಒಂದು ಸಾಲು ಸಂಭಾಷಣೆಯೂ ಹೇಳುವುದಿಲ್ಲ. ಮಾತನ್ನು ಸ್ಫುಟವಾಗಿ ಒಪ್ಪಿಸುವುದೇ ನಟನೆಯೆಂದು ನಂಬಿದ್ದ ಕಾಲದಲ್ಲಿ, ನಟನಾ ಗುರು ಸ್ಟೆಲ್ಲಾ ಆಡ್ಲರ್‌ಳ ಬಳಿ ಕಲಿತ ಈ ಒಮಾಹಾದ ಹುಡುಗ ಗೊಣಗಿದ, ತಡವರಿಸಿದ, ಬೆನ್ನು ತಿರುಗಿಸಿ ನಿಂತ. ಆತನ ಇನ್ನೊಂದು ಚಿತ್ರ ‘ದ ವೈಲ್ಡ್ ಒನ್’ನ ಚರ್ಮದ ಜಾಕೆಟ್ಟು ಮತ್ತು ಮೋಟಾರ್‌ಬೈಕು ಪೋಸ್ಟರಿಗೆ ಚೆನ್ನ, ಅಷ್ಟೆ.

ಇನ್ನು ಆಸ್ಕರ್ ವಿಷಯ. ‘ದ ಗಾಡ್‌ಫಾದರ್’ಗಾಗಿ ಬಂದ ಪ್ರಶಸ್ತಿಯನ್ನು ಅಮೆರಿಕದ ಮೂಲನಿವಾಸಿಗಳನ್ನು ಚಿತ್ರರಂಗ ನಡೆಸಿಕೊಂಡ ರೀತಿಯನ್ನು ಪ್ರತಿಭಟಿಸಿ 1973ರ ಮಾರ್ಚಿನಲ್ಲಿ ನಿರಾಕರಿಸಿದ್ದು ಪ್ರಚಾರದ ಗೀಳಾಗಿರಲಿಲ್ಲ. ಮೂಲನಿವಾಸಿಗಳ ಮೀನುಗಾರಿಕೆಯ ಹಕ್ಕಿಗಾಗಿ 1964ರಲ್ಲೇ ವಾಷಿಂಗ್ಟನ್ ರಾಜ್ಯದ ಪುಯಾಲಪ್ ನದಿಯಲ್ಲಿ ಬಲೆಬೀಸಿ ಆತ ಬಂಧನಕ್ಕೊಳಗಾಗಿದ್ದ. ಪ್ರಶಸ್ತಿ ಸಮಾರಂಭ ನಡೆದಾಗ ವೂಂಡೆಡ್ ನೀ ಊರಿನಲ್ಲಿ ಮೂಲನಿವಾಸಿಗಳ ಪ್ರತಿಭಟನೆ ಇನ್ನೂ ಮುಗಿದಿರಲಿಲ್ಲ. ಆದರೂ ವೇದಿಕೆಗೆ ಹೋಗಿ ಕೂಗಾಟವನ್ನು ಎದುರಿಸಿದವಳು, ತಾನು ಮೂಲನಿವಾಸಿಯೆಂದು ಹೇಳಿಕೊಂಡು ಆತನ ಪರವಾಗಿ ಬಂದಿದ್ದ ಇಪ್ಪತ್ತಾರರ ಸಶೀನ್ ಲಿಟಲ್‌ಫೆದರ್; ಬ್ರ್ಯಾಂಡೊ ಅಲ್ಲಿರಲೇ ಇಲ್ಲ. ಆಸ್ಕರ್ ಕೊಡುವ ಅಕಾಡೆಮಿ ಆಕೆಯ ಕ್ಷಮೆ ಕೇಳಿದ್ದು 2022ರಲ್ಲಿ. ಅದೇ ವರ್ಷ ಆಕೆ ತೀರಿಕೊಂಡ ಮೇಲೆ, ಆಕೆ ಮೂಲನಿವಾಸಿಯೇ ಅಲ್ಲವೆಂದು ಸ್ವಂತ ಸಹೋದರಿಯರೇ ಹೇಳಿದರು. ಏನೇ ಇರಲಿ, ಅಂದಿನ ಕೂಗಾಟವನ್ನು ತಿಂದವಳು ಆಕೆಯೇ.

ಅಭಿಮಾನಿಗಳು ತಪ್ಪುವುದು ಇಲ್ಲಿಂದಾಚೆಗೆ. ಸಂಭಾಷಣೆ ಬಾಯಿಪಾಠ ಮಾಡದೆ ಸಹನಟರ ಎದೆಗೂ ಚೀಟಿ ಹಚ್ಚಿಸಿ ಓದಿದ್ದನ್ನು, ‘ಸೂಪರ್‌ಮ್ಯಾನ್’ನ ಕೆಲವೇ ನಿಮಿಷಗಳ ಪಾತ್ರಕ್ಕೆ ಲಕ್ಷಗಟ್ಟಲೆ ಡಾಲರ್ ಪಡೆದದ್ದನ್ನು, ಆನ್ ದ ವಾಟರ್‌ಫ್ರಂಟ್‌ನ ಟ್ಯಾಕ್ಸಿ ದೃಶ್ಯದಲ್ಲಿ ತನ್ನ ಭಾಗ ಮುಗಿದೊಡನೆ ಎದ್ದುಹೋಗಿ ಸಹನಟ ರಾಡ್ ಸ್ಟೈಗರ್‌ನನ್ನು ಒಂಟಿಯಾಗಿ ಬಿಟ್ಟದ್ದನ್ನು ಕೂಡ ಅವರು ಬಂಡಾಯದ ಲೆಕ್ಕಕ್ಕೇ ಜಮಾ ಮಾಡುತ್ತಾರೆ. ಇವು ಬಂಡಾಯವಲ್ಲ, ದೊಡ್ಡ ತಾರೆಯ ದರ್ಬಾರು. ಸ್ಟೈಗರ್ ಆ ಅವಮಾನವನ್ನು ದಶಕಗಳ ಕಾಲ ಮರೆಯಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು 1972ರ ‘ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್’. ಹತ್ತೊಂಬತ್ತರ ನಟಿ ಮರಿಯಾ ಶ್ನೈಡರ್‌ಗೆ ಮೊದಲೇ ತಿಳಿಸದೆ, ಲೈಂಗಿಕ ದೌರ್ಜನ್ಯದ ದೃಶ್ಯವೊಂದರ ವಿವರವನ್ನು ನಿರ್ದೇಶಕ ಬರ್ತೊಲುಚ್ಚಿ ಮತ್ತು ಬ್ರ್ಯಾಂಡೊ ಇಬ್ಬರೇ ಸೇರಿ ನಿಶ್ಚಯಿಸಿದ್ದರು. ಇದನ್ನು ಬರ್ತೊಲುಚ್ಚಿಯೇ ಮುಂದೆ ಒಪ್ಪಿಕೊಂಡ. ನೈಜತೆಗಾಗಿ ಹಾಗೆ ಮಾಡಿದರಂತೆ! ಗವಸು ತೊಟ್ಟ ದೃಶ್ಯದಲ್ಲೂ ನಟಿಗೆ ಮುನ್ಸೂಚನೆ ಇರಲಿಲ್ಲ, ಆದರೆ ಅಲ್ಲಿ ಆಕೆ ಆಟಕ್ಕೆ ತಿರುಗಿ ಆಟ ಹೂಡಬಲ್ಲ ಜೊತೆಗಾತಿಯಾಗಿದ್ದಳು. ಶ್ನೈಡರ್ ಚಿತ್ರೀಕರಣದಲ್ಲಿ ಸುರಿಸಿದ್ದು ನಿಜವಾದ ಕಣ್ಣೀರು. ದೃಶ್ಯ ಮುಗಿದ ಮೇಲೆ ಬ್ರ್ಯಾಂಡೊ ತನ್ನನ್ನು ಸಂತೈಸಲೂ ಇಲ್ಲ, ಕ್ಷಮೆ ಕೇಳಲೂ ಇಲ್ಲ ಎಂದು ಆಕೆ 2007ರಲ್ಲಿ ಹೇಳಿದಳು. ಆತ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.